ವ್ಯಂಜನಾಚಾರವೂ ನಮ್ಮ ಸಂದೇಶಗಳೂ

ಜ್ಞಾನಾಚಾರಕ್ಕೆ ನಮ್ಮ ಆಚಾರ್ಯರು ಎಂಟು ಅಂಗಗಳನ್ನು ಹೇಳಿದ್ದಾರೆ. ಕಾಲ, ವಿನಯ, ಉಪಧಾನ, ಬಹುಮಾನ, ಅನಿಹ್ನವ ಎಂಬ ಐದು ಓದುವವನ ನಡತೆಗೆ ಸಂಬಂಧಿಸಿದವು. ವ್ಯಂಜನ, ಅರ್ಥ, ತದುಭಯ ಎಂಬ ಮೂರು ಅಕ್ಷರದ ಶುದ್ಧಿಗೆ, ಅದರ ತಾತ್ಪರ್ಯದ ಶುದ್ಧಿಗೆ ಮತ್ತು ಇವೆರಡರ ಹೊಂದಾಣಿಕೆಗೆ ಸಂಬಂಧಿಸಿದವು. ಇವೆಲ್ಲ ವ್ಯಾಸಪೀಠದ ಮುಂದೆ ಕುಳಿತು ಶಾಸ್ತ್ರ ಓದುವಾಗ ಮಾತ್ರ ಅನ್ವಯಿಸುತ್ತವೆಯೆಂಬುದು ರೂಢಿಯ ತಿಳಿವಳಿಕೆ. ಆದರೆ ಇಂದಿನ ಶ್ರಾವಕನು ದಿನವೊಂದಕ್ಕೆ ಓದುವ ಮತ್ತು ಬರೆಯುವ ಅಕ್ಷರಗಳಲ್ಲಿ ಹೆಚ್ಚಿನವು ಅಂಗೈಯಲ್ಲಿರುವ ಮೊಬೈಲ್ ಫೋನಿನ ಮೇಲಿರುತ್ತವೆ. ಬಸದಿಯ ಅಭಿಷೇಕದ ವೇಳೆ, ಮುನಿಸಂಘದ ವಿಹಾರದ ಸುದ್ದಿ, ಆಹಾರದಾನದ ಸರದಿ, ಮದುವೆಯ ಕರೆಯೋಲೆ, ಮರಣದ ವಾರ್ತೆ, ಜೀರ್ಣೋದ್ಧಾರಕ್ಕಾಗಿ ಧನಸಂಗ್ರಹ, ಎಲ್ಲವೂ ವಾಟ್ಸಾಪ್ ಮೂಲಕವೇ ಮನೆಮನೆಗೆ ತಲಪುತ್ತಿವೆ. ಹೀಗಿರುವಾಗ ಅಲ್ಲಿನ ಅಕ್ಷರವನ್ನು ಮಾತ್ರ ಜ್ಞಾನಾಚಾರದ ಹೊರಗಿಡಲು ನನಗೆ ಆಧಾರವೇನೂ ಕಾಣುವುದಿಲ್ಲ. ಈ ಲೇಖನದ ಟೀಕೆ ಎರಡು ಕಡೆಗಿದೆ. ಒಂದು, ಲಕ್ಷ್ಯವಿಲ್ಲದೆ ಬರೆದು ಕಳುಹಿಸುವವರ ಕಡೆಗೆ. ಇನ್ನೊಂದು, ಅದಕ್ಕಿಂತ ತುಸು ಹೆಚ್ಚಾಗಿಯೇ, ತಿದ್ದುವ ನೆಪದಲ್ಲಿ ನೋಯಿಸುವವರ ಕಡೆಗೆ.

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರ ಕಥೆ ವಾಚಕರಿಗೆ ಹೊಸದಲ್ಲ. ದಕ್ಷಿಣದಿಂದ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲು ಅವರು ಇಬ್ಬರಿಗೂ ಒಂದೊಂದು ವಿದ್ಯೆಯನ್ನು ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಕಡಿಮೆಯಿತ್ತು. ಎರಡು ದಿನಗಳ ಉಪವಾಸದಿಂದ ಸಾಧಿಸಿದಾಗ ಒಬ್ಬರ ಮುಂದೆ ಹಲ್ಲು ಹೊರಚಾಚಿದ ದೇವತೆಯೂ ಇನ್ನೊಬ್ಬರ ಮುಂದೆ ಒಕ್ಕಣ್ಣಿನ ದೇವತೆಯೂ ಕಾಣಿಸಿಕೊಂಡರು. ದೇವತೆಗಳ ಸಹಜ ರೂಪ ವಿಕಾರವಾಗಿರುವುದಿಲ್ಲವೆಂದು ತಿಳಿದ ಆ ಮುನಿಗಳು ಮಂತ್ರವ್ಯಾಕರಣದ ಬಲದಿಂದ ಹೆಚ್ಚಿನ ಅಕ್ಷರವನ್ನು ತೆಗೆದು, ಕೊರತೆಯ ಅಕ್ಷರವನ್ನು ತುಂಬಿ, ಮತ್ತೆ ಜಪಿಸಿದರು. ದೇವತೆಗಳು ಸೌಮ್ಯರೂಪದಿಂದ ಬಂದರು. ಆ ಬಳಿಕವೇ ಗುರುಗಳು ಸಿದ್ಧಾಂತವನ್ನು ಉಪದೇಶಿಸಿದರು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ; ಅವರಿಂದ ರಚಿತವಾದದ್ದೇ ಷಟ್ಖಂಡಾಗಮ. ಪುಷ್ಪದಂತರು ತಮ್ಮ ಭಾಗವನ್ನು ರಚಿಸಿದ್ದು ವನವಾಸ ದೇಶದಲ್ಲಿ, ಎಂದರೆ ನಮ್ಮ ಬನವಾಸಿಯ ಸೀಮೆಯಲ್ಲಿ ಎಂಬುದನ್ನು ಕನ್ನಡಿಗರಾದ ನಾವು ನೆನೆಯಬೇಕು.

ಪ್ರವಚನಗಳಲ್ಲಿ ಈ ಕಥೆಯನ್ನು ಅಕ್ಷರಶುದ್ಧಿಯ ಮಹಿಮೆಗಾಗಿ ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಅಂಶವಿದೆ. ಅದನ್ನು ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಆ ಮುನಿಗಳು ಪಾಠವನ್ನು ತಿದ್ದಿಕೊಂಡರೇ ಹೊರತು, ತಪ್ಪು ಪಾಠ ಕೊಟ್ಟ ಗುರುವನ್ನು ದೂಷಿಸಲಿಲ್ಲ. ಹಲ್ಲಿನ ದೇವತೆ ಕಂಡವರು ಒಕ್ಕಣ್ಣಿನ ದೇವತೆ ಕಂಡವರನ್ನು ನೋಡಿ ನಗಲಿಲ್ಲ. ದೋಷ ಇತ್ತು, ಅರಿವಾಯಿತು, ಹೋಯಿತು. ತಿದ್ದುವಿಕೆಯ ಶಿಷ್ಟಾಚಾರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಈಗ ನಮ್ಮ ಸಂದೇಶಗಳ ಸ್ಥಿತಿಯನ್ನು ನೋಡೋಣ. ಸನ್ಮಾನ ಸಮಾರಂಭದ ಪ್ರಕಟಣೆಗಳಲ್ಲಿ 'ಪ್ರಶಸ್ತಿ ಪ್ರದಾನ' ಎಂದಿರಬೇಕಾದಲ್ಲಿ 'ಪ್ರಶಸ್ತಿ ಪ್ರಧಾನ' ಎಂದಿರುವುದು ಎಷ್ಟು ಸಾಮಾನ್ಯವಾಗಿದೆಯೆಂದರೆ ಸರಿಯಾದ ರೂಪವನ್ನು ಕಂಡವರೇ ಅದನ್ನು ತಪ್ಪೆಂದು ಭಾವಿಸುವ ಕಾಲ ಬಂದಿದೆ. ಪ್ರದಾನವೆಂದರೆ ಕೊಡುವುದು, ಪ್ರಧಾನವೆಂದರೆ ಮುಖ್ಯವಾದುದು. 'ದಿಗಂಬರ'ಕ್ಕೆ ಇಲ್ಲದ ದೀರ್ಘವನ್ನು ಸೇರಿಸಿ 'ದಿಗಾಂಬರ' ಮಾಡುತ್ತಾರೆ, 'ತೀರ್ಥಂಕರ' 'ತೀರ್ಥಾಂಕರ'ರಾಗುತ್ತಾರೆ, 'ಸಲ್ಲೇಖನ'ದಲ್ಲಿ ಒತ್ತಕ್ಷರ ಮಾಯವಾಗಿ 'ಸಲೇಖನ'ವೆಂಬ ಅರ್ಥವಿಲ್ಲದ ಮಾತು ಉಳಿಯುತ್ತದೆ. 'ಧನಸಹಾಯ' ಮಾಡಿದ ದಾನಿಗಳ ಪಟ್ಟಿಗೆ 'ದನಸಹಾಯ' ಎಂಬ ತಲೆಬರಹ ಬಿದ್ದರೆ, ಗೋಶಾಲೆಯ ಸಂದರ್ಭದಲ್ಲಾದರೂ ಅದು ಒಪ್ಪುತ್ತದೆಯೆಂದು ನಕ್ಕು ಸುಮ್ಮನಾಗಬಹುದು. 'ಆದರದ ಸ್ವಾಗತ' ಎಂಬುದರ ಮೊದಲಿಗೆ ಹಕಾರವನ್ನು ಅಂಟಿಸಿದಾಗ ಮಾತ್ರ ನಗುವುದಕ್ಕೂ ಸಂಕೋಚವಾಗುತ್ತದೆ. ಆ ರೂಪವನ್ನು ಈ ಪುಟದಲ್ಲಿ ಬರೆಯಲಾರೆ. ಸಂಸ್ಕೃತದಲ್ಲಿ ತಂದೆಯೊಬ್ಬನು ಮಗನಿಗೆ, ಬೇರೇನು ಓದದಿದ್ದರೂ ವ್ಯಾಕರಣವನ್ನು ಓದು, ಇಲ್ಲದಿದ್ದರೆ ನಿನ್ನ ಬಾಯಲ್ಲಿ 'ಸ್ವಜನ'ರು 'ಶ್ವಜನ'ರಾಗಿ ಬಂಧುಗಳೆಲ್ಲ ನಾಯಿಗಳಾದಾರು ಎಂದು ಹೇಳುವ ಪ್ರಸಿದ್ಧ ಸುಭಾಷಿತವೊಂದಿದೆ. ಸಕಾರ ಶಕಾರಗಳ ಈ ಗೊಂದಲ ಇಂದಿನದಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸ ಇನ್ನೊಂದು ಬಗೆಯ ತೊಡಕು. ಅಲ್ಲಿ ನಕಾರ ಣಕಾರಗಳಿಗೆ, ಲಕಾರ ಳಕಾರಗಳಿಗೆ, ಹ್ರಸ್ವ ದೀರ್ಘಗಳಿಗೆ ಭೇದವೇ ಇಲ್ಲ. ಎಂ, ಎ, ಎಲ್, ಇ ಎಂದು ನಾಲ್ಕು ಅಕ್ಷರ ಬರೆದರೆ ಅದು ಮಳೆಯೋ, ಮಲೆಯೋ, ಮಾಲೆಯೋ ಓದುವವನ ಪುಣ್ಯ. ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಹೆಸರಾದ ಊರು. ಇಲ್ಲಿ 'ಹತ್ತಿ'ಗೂ 'ಹಟ್ಟಿ'ಗೂ ಒಂದೇ ಕಾಗುಣಿತವಾದರೆ ಸರಕು ಎಲ್ಲಿಂದ ಎಲ್ಲಿಗೆ ಹೋದೀತು? ಪದಗಳ ನಡುವಿನ ತೆರವಿಗೂ ಇದೇ ಮಾತು. 'ಅಂದುಕೊಂಡೆ' ಎಂದರೆ ಮನಸ್ಸಿನಲ್ಲಿ ಭಾವಿಸಿದೆ. 'ಅಂದು ಕೊಂಡೆ' ಎಂದರೆ ಆ ದಿನ ಖರೀದಿ ಮಾಡಿದೆ. ಮಾಲು ಒಳ್ಳೆಯದೆಂದು ಭಾವಿಸಿದವನಿಗೂ ಮಾಲನ್ನು ಕೊಂಡವನಿಗೂ ನಡುವೆ ವ್ಯಾಪಾರದಲ್ಲಿ ಇರುವ ಅಂತರವನ್ನು ಅಂಗಡಿಯ ಗಲ್ಲೆಯ ಮೇಲೆ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಣಿಕ್ ವೃತ್ತಿಯವರಾದ ನಮ್ಮಲ್ಲಿ ಬರೆಹದ ಎಚ್ಚರ ಹಿಂದೆ ಎಷ್ಟು ಬಿಗಿಯಾಗಿತ್ತು! ಮೊತ್ತವನ್ನು ಅಂಕಿಯಲ್ಲಿ ಬರೆದು, ಮತ್ತೆ ಅಕ್ಷರದಲ್ಲಿ ಬರೆದು, ಕೊನೆಗೆ 'ಮಾತ್ರ' ಎಂದು ಸೇರಿಸುವುದು, ಅಂಕಿಯ ಪಕ್ಕದಲ್ಲಿ ಓರೆಗೆರೆಯೆಳೆದು ಅಡ್ಡಗೀಟು ಹಾಕುವುದು, ಇವೆಲ್ಲ ಅಲಂಕಾರಕ್ಕಲ್ಲ. ಮುಂದೆ ಒಂದು ಸೊನ್ನೆ ಸೇರದಿರಲೆಂದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದ ಮೊತ್ತವೇ ಪ್ರಮಾಣ. ಬಿ.ಕಾಂ. ತರಗತಿಯಲ್ಲಿ ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ವ್ಯಂಜನಾಚಾರವೇ. ಉಮಾಸ್ವಾಮಿಗಳು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದ್ದಾರೆ. ಅದು ಬೇಕೆಂದೇ ಮಾಡುವ ಸುಳ್ಳುಬರೆಹ. ಅಜಾಗ್ರತೆಯ ತಪ್ಪು ಆ ಅತಿಚಾರವಲ್ಲ, ನಿಜ. ಆದರೆ ಅದರಿಂದ ಆಗುವ ನಷ್ಟ ಕೆಲವೊಮ್ಮೆ ಒಂದೇ.

ಬಸದಿಗಳ ಟ್ರಸ್ಟಿನವರು ಇದನ್ನು ದಯವಿಟ್ಟು ಗಮನಿಸಬೇಕು. ಧನಸಂಗ್ರಹದ ಸಂದೇಶಗಳಲ್ಲಿ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ ಇರುತ್ತದೆ. ಅದರಲ್ಲಿ ಹನ್ನೊಂದು ಚಿಹ್ನೆಗಳು; ಐದನೆಯದು ಯಾವಾಗಲೂ ಸೊನ್ನೆ. ಅನೇಕ ಸಂದೇಶಗಳಲ್ಲಿ ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಅಕ್ಷರವನ್ನು ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅಷ್ಟಾದರೆ ಹಣ ಹೋಗುವುದೇ ಇಲ್ಲ, ದಾನಿಯು ಬೇಸರಪಟ್ಟು ಸುಮ್ಮನಾಗುತ್ತಾನೆ. ಖಾತೆಸಂಖ್ಯೆಯಲ್ಲಿ ತಪ್ಪಾದರೆ ಅದಕ್ಕಿಂತ ಕಷ್ಟ. ಬ್ಯಾಂಕುಗಳು ಖಾತೆಸಂಖ್ಯೆಯೊಂದನ್ನೇ ನೋಡಿ ಹಣ ಜಮಾ ಮಾಡಬಹುದೆಂದೂ ಸರಿಯಾದ ಸಂಖ್ಯೆಯನ್ನು ಕೊಡುವ ಹೊಣೆ ಕಳುಹಿಸುವವನದೆಂದೂ ರಿಸರ್ವ್ ಬ್ಯಾಂಕ್ 2010ರಲ್ಲಿಯೇ ತಿಳಿಸಿತ್ತು. ಹಣ ಪಡೆಯುವವರ ಹೆಸರನ್ನು ಮೊದಲೇ ನೋಡಿಕೊಳ್ಳುವ ಸೌಲಭ್ಯವನ್ನು ಎನ್‌ಇಎಫ್‌ಟಿ ಮತ್ತು ಆರ್‌ಟಿಜಿಎಸ್‌ಗಳಿಗೆ 2025ರ ಏಪ್ರಿಲ್ 1ರ ಒಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ ಸೂಚನೆ ಬಂದದ್ದು ಎಷ್ಟೋ ವರ್ಷಗಳ ಬಳಿಕ. ತೆರಿಗೆ ವಿನಾಯಿತಿಯ ರಸೀದಿ ಕೊಡುವ ಸಂಸ್ಥೆಗಳು 2021–22ರ ಲೆಕ್ಕವರ್ಷದಿಂದ ದಾನಿಗಳ ವಿವರಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿ ಬಂದ ಮೇಲೆ, ಪ್ಯಾನ್ ಸಂಖ್ಯೆಯ ಹತ್ತು ಚಿಹ್ನೆಗಳಲ್ಲಿ ಒಂದು ಪಲ್ಲಟವಾದರೂ ದಾನಿಯು ವಿನಾಯಿತಿಗಾಗಿ ಅಲೆಯಬೇಕಾಗುತ್ತದೆ. ದಾನ ಕೊಟ್ಟವನನ್ನು ಅಲೆಸುವುದು ಯಾವ ಧರ್ಮ? ಸಂದೇಶವನ್ನು ಒಬ್ಬರು ಬರೆದು ಇನ್ನೊಬ್ಬರು ಮೂಲ ಪಾಸ್‌ಬುಕ್ಕಿನೊಡನೆ ತಾಳೆ ನೋಡಿ ಕಳುಹಿಸುವ ಪದ್ಧತಿಯನ್ನು ಪ್ರತಿಯೊಂದು ಟ್ರಸ್ಟೂ ಇರಿಸಿಕೊಳ್ಳಬೇಕು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಆದರೆ ಎಲ್ಲ ಬರೆಹಕ್ಕೂ ಇದೇ ಅಳತೆಗೋಲನ್ನು ಹಿಡಿಯಬೇಕೆ? ಇಲ್ಲಿ ಅನೇಕಾಂತದ ದೃಷ್ಟಿ ಬೇಕಾಗುತ್ತದೆ.

ಕನ್ನಡಕ್ಕೆ ವ್ಯಾಕರಣ ಬರೆದವರಲ್ಲಿ ಹಿರಿಯರು ನಮ್ಮವರೇ: 12ನೆಯ ಶತಮಾನದ ಎರಡನೆಯ ನಾಗವರ್ಮ, 1260ರ ಸುಮಾರಿನ ಕೇಶಿರಾಜ, 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕ. ಕೇಶಿರಾಜನಂತೂ ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದರ್ಶನ, ಅದರಿಂದ ಮುಕ್ತಿ ಎಂದು ಮೆಟ್ಟಿಲು ಕಟ್ಟಿದ್ದಾನೆ. ಅಂಥವನು ಳಕಾರಕ್ಕೂ ೞಕಾರಕ್ಕೂ ಭೇದ ತಿಳಿಯಲೆಂದು ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಿಕೊಡಬೇಕಾಯಿತು. ಏಕೆಂದರೆ ಜನರ ನಾಲಗೆಯಲ್ಲಿ ಅದು ಆಗಲೇ ಸವೆಯುತ್ತಿತ್ತು. ಆ ಅಕ್ಷರ ಉಳಿಯಲಿಲ್ಲ. ಜೊತೆಗೆ ಶಕಟರೇಫವೂ ಹೋಯಿತು. ಇಂದು ನಾವು 'ಹಳೆಯ', 'ಮಳೆ' ಎಂದು ಎರಡಕ್ಕೂ ಒಂದೇ ಳಕಾರ ಬರೆದರೆ ಕೇಶಿರಾಜನ ದೃಷ್ಟಿಯಲ್ಲಿ ಎರಡೂ ತಪ್ಪು. ಆದರೂ ಯಾವ ಪಂಡಿತನೂ ನಮ್ಮನ್ನು ತಡೆಯುವುದಿಲ್ಲ. ಭಾಷಾಶಾಸ್ತ್ರಜ್ಞರಾದ ಡಿ.ಎನ್. ಶಂಕರ ಭಟ್ಟರು, ಕನ್ನಡಿಗರು ಸಾಮಾನ್ಯವಾಗಿ ಉಚ್ಚರಿಸದ ಮಹಾಪ್ರಾಣಗಳನ್ನು ಬರೆಹದಿಂದ ಬಿಡಬೇಕೆಂದು ವಾದಿಸಿದ್ದಾರೆ. ಅವರ ಸಲಹೆಯನ್ನು ನಾನು ಒಪ್ಪಲಾರೆ. 'ಧರ್ಮ'ವನ್ನು 'ದರ್ಮ'ವೆಂದು ಬರೆಯಲು ನನ್ನ ಕೈ ಏಳದು, ಮೇಲೆ ಹೇಳಿದ ಪ್ರದಾನ ಪ್ರಧಾನಗಳ ಗತಿಯೂ ಕೆಡುತ್ತದೆ. ಆದರೆ ಆ ವಾದದ ಹಿಂದಿರುವ ಕಾಳಜಿಯನ್ನು ತಳ್ಳಿಹಾಕಲಾಗದು. ಮನೆಯಲ್ಲಿ ಕೇಳದ ಧ್ವನಿಯನ್ನು ಬರೆಹದಲ್ಲಿ ಮಾತ್ರ ನೆನಪಿಡಬೇಕಾದ ಮಗುವಿಗೆ ಕಾಗುಣಿತ ಕಠಿಣ. ಅದು ತಪ್ಪಿದಾಗ ಬೀಳುವ ಪೆಟ್ಟು ಹೆಚ್ಚಾಗಿ ಓದುಬರೆಹದ ಹಿನ್ನೆಲೆಯಿಲ್ಲದ ಮನೆಯ ಮಗುವಿಗೇ.

ಮನೆಮಾತಿನ ಬರೆಹವನ್ನು ತಪ್ಪೆನ್ನುವುದಂತೂ ಶುದ್ಧ ಅವಿವೇಕ. ಕೊಕ್ಕನೂರಿನಲ್ಲಾಗಲಿ ಹರಿಹರದಲ್ಲಾಗಲಿ ಒಬ್ಬ ತಾಯಿ 'ನಾಳಿ ಪೂಜಿ ಐತಿ, ಎಲ್ಲಾರೂ ಬರ್ರಿ' ಎಂದು ಬರೆದರೆ ಅದರಲ್ಲಿ ತಿದ್ದತಕ್ಕದ್ದು ಏನಿದೆ? ಅದು ನಮ್ಮ ಸೀಮೆಯ ಕನ್ನಡ. ನೃಪತುಂಗನ ಆಸ್ಥಾನದಲ್ಲಿ, 850ರ ಸುಮಾರಿಗೆ ಹುಟ್ಟಿದ ಕವಿರಾಜಮಾರ್ಗವೇ ಕನ್ನಡಗಳು ಹಲವು, ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಅಭಿಪ್ರಾಯವನ್ನು ಹೇಳಿದೆ. ಸಾವಿರ ನಾಲಗೆಯವನಿಗೆ ಬೇಸರ ಬರುವ ಕೆಲಸವನ್ನು ನಮ್ಮ ಬಳಗದ ಕೆಲವು ಪದವೀಧರರು ಉತ್ಸಾಹದಿಂದ ಕೈಗೊಂಡಿದ್ದಾರೆ.

ಮಂತ್ರದ ವಿಷಯದಲ್ಲಿಯೂ ಭೇದವೆಲ್ಲ ದೋಷವಲ್ಲ. ಪಂಚನಮಸ್ಕಾರದ ಮೊದಲ ಪದವನ್ನು ದಿಗಂಬರರು 'ಣಮೋ' ಎನ್ನುತ್ತಾರೆ. ಶ್ವೇತಾಂಬರರಲ್ಲಿ 'ನಮೋ' ಎಂಬ ಪಾಠವೇ ಹೆಚ್ಚು. 'ಅರಿಹಂತ', 'ಅರಹಂತ', 'ಅರುಹಂತ' ಎಂಬ ಮೂರು ರೂಪಗಳಿಗೂ ನಮ್ಮ ಹಿರಿಯರು ಅರ್ಥ ಹೇಳಿದ್ದಾರೆ: ಕರ್ಮವೆಂಬ ಅರಿಯನ್ನು ಕೊಂದವರು, ಪೂಜೆಗೆ ಅರ್ಹರಾದವರು, ಮತ್ತೆ ಭವದಲ್ಲಿ ಮೊಳೆಯದವರು. ಒಡಿಶಾದ ಹಾಥಿಗುಂಫೆಯಲ್ಲಿ ಖಾರವೇಲನ ಶಾಸನ 'ನಮೋ' ಎಂದೇ ತೊಡಗಿ 'ಅರಹಂತ'ರನ್ನು ಸ್ಮರಿಸುತ್ತದೆ. ಆ ಕಾಲದ ಬ್ರಾಹ್ಮಿಯಲ್ಲಿ ಸಜಾತಿಯ ಒತ್ತಕ್ಷರ ಬರೆಯುವ ರೂಢಿ ಇಲ್ಲದ್ದರಿಂದ ಅಲ್ಲಿ 'ಸವ್ವ' ಎಂಬುದು 'ಸವ' ಎಂದೇ ಇದೆ. ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಿಗೆ ಯಾರು ಹೋಗಿ ಒತ್ತಕ್ಷರ ಕಲಿಸುವುದು? 'ಣಮೋ' ಎಂದು ಬಂದ ಸಂದೇಶವನ್ನು 'ನಮೋ' ಎಂದು ತಿದ್ದಿ ಮರಳಿಸುವ ಶ್ರಾವಕರನ್ನೂ, 'ನಮೋ' ಎಂದು ಬಂದದ್ದನ್ನು 'ಣಮೋ' ಎಂದು ತಿದ್ದುವವರನ್ನೂ ನೋಡಿದ್ದೇನೆ. ಇಬ್ಬರೂ ಸೇರಿ ಒಂದು ಬೆಳಗಿನ ಶಾಂತಿಯನ್ನು ಕೆಡಿಸಿದರು.

ಲೇಖನಚಿಹ್ನೆಗಳ ಮಾತು ಬೇರೆ. ತಾಳೆಯೋಲೆಯಲ್ಲಿ ಅಲ್ಪವಿರಾಮವಾಗಲಿ ಪ್ರಶ್ನಾರ್ಥಕ ಚಿಹ್ನೆಯಾಗಲಿ ಇರಲಿಲ್ಲ, ಪದಗಳ ನಡುವೆ ತೆರವೂ ಇರಲಿಲ್ಲ. ದಂಡ, ಜೋಡಿ ದಂಡಗಳಿಷ್ಟೇ. ಉಳಿದ ಚಿಹ್ನೆಗಳೆಲ್ಲ 19ನೆಯ ಶತಮಾನದಲ್ಲಿ ಮುದ್ರಣದೊಡನೆ ಬಂದವು. ಆದುದರಿಂದ ಅಲ್ಪವಿರಾಮವೊಂದು ತಪ್ಪಿದರೆ ಕನ್ನಡ ಕೆಟ್ಟಿತೆಂದು ಬೊಬ್ಬೆಯಿಡುವುದು ಅನಾವಶ್ಯಕ. ಆದರೂ ಚಿಹ್ನೆಗೆ ದನಿಯುಂಟು. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಕೂಗಿದಂತೆಂದು 1995ರಲ್ಲಿಯೇ ಗಣಕಜಾಲದ ಶಿಷ್ಟಾಚಾರದ ಬರೆಹವೊಂದು ಎಚ್ಚರಿಸಿತ್ತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಆ ಕೊರತೆಯನ್ನು ನಾವು ಸಾಲುಸಾಲು ಆಶ್ಚರ್ಯಸೂಚಕಗಳಿಂದ ತುಂಬಿಕೊಂಡಿದ್ದೇವೆ. 'ವರ್ಗಣಿ ಬಂದಿಲ್ಲ' ಎಂದರೆ ಸುದ್ದಿ, 'ವರ್ಗಣಿ ಬಂದಿಲ್ಲ???' ಎಂದರೆ ಬಾಗಿಲಲ್ಲಿ ನಿಂತ ವಸೂಲಿ. ಇದಕ್ಕೆ ವಿರುದ್ಧವಾದುದೂ ಒಂದಿದೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾನಿಲಯದವರು 126 ವಿದ್ಯಾರ್ಥಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊಬೈಲ್ ಸಂದೇಶದ ಒಂದೇ ಪದದ ಉತ್ತರಕ್ಕೆ ಪೂರ್ಣವಿರಾಮ ಹಾಕಿದ್ದರೆ ಓದುವವರು ಅದನ್ನು ಮನಸ್ಸಿಲ್ಲದ ಉತ್ತರವೆಂದು ತಿಳಿದರು. ಕೈಬರೆಹದ ಚೀಟಿಯಲ್ಲಿ ಹಾಗೆ ತಿಳಿಯಲಿಲ್ಲ. ಅಜ್ಜನು ಶಾಲೆಯಲ್ಲಿ ಕಲಿತಂತೆ 'ಆಯಿತು.' ಎಂದು ಬರೆದರೆ ಮೊಮ್ಮಗಳು ಅಜ್ಜನಿಗೆ ಸಿಟ್ಟು ಬಂದಿದೆಯೆಂದು ಕರೆ ಮಾಡುವುದು ನಮ್ಮ ಮನೆಗಳಲ್ಲಿ ನಡೆಯುತ್ತಿದೆ. ಕರೆ ಮಾಡಿದಳಲ್ಲ ಎಂದು ಅಜ್ಜ ಸಂತೋಷಪಡುವುದೇ ಲೇಸು.

ಈಗ ತಿದ್ದುವವರ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಬಸದಿಯ ವಾಟ್ಸಾಪ್ ಬಳಗದಲ್ಲಿ, ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ವೃದ್ಧ ಶ್ರಾವಿಕೆಯೊಬ್ಬರು ಮಹಾವೀರ ಜಯಂತಿಯ ದಿನ 'ಮಹವೀರ ಜಯಂತಿ ಸುಬಾಸಯ' ಎಂದು ಬರೆದರು. ಅದು ಅವರು ಸ್ವಂತ ಕೈಯಿಂದ ಒತ್ತಿ ಕಳುಹಿಸಿದ ಮೊದಲ ಸಂದೇಶ. ಬಳಗದ ಸುಶಿಕ್ಷಿತರೊಬ್ಬರು ಎಲ್ಲರೆದುರು ನಾಲ್ಕು ತಪ್ಪುಗಳನ್ನು ಎಣಿಸಿ ತೋರಿಸಿ, ಕೆಳಗೆ ನಗುವ ಮುಖಗಳನ್ನು ಇರಿಸಿದರು. ಇನ್ನೂ ಆರೇಳು ಮಂದಿ ನಗುವ ಮುಖಗಳನ್ನು ಸೇರಿಸಿದರು. ಆ ತಾಯಿ ಮತ್ತೆ ಅಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಎಣಿಕೆ ಸರಿಯಾಗಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪ್ರಮತ್ತಯೋಗದಿಂದ ಪ್ರಾಣಕ್ಕೆ ಆಗುವ ಬಾಧೆಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಇಲ್ಲಿ ಪ್ರಮಾದ ಯಾರದು? ತನಗೆ ತಿಳಿದಷ್ಟು ಕಾಗುಣಿತದಲ್ಲಿ ಶ್ರದ್ಧೆಯಿಂದ ಬರೆದವರದೋ, ಭಾಷಾಸಮಿತಿಯನ್ನು ಮರೆತು ತಿದ್ದಿದವರದೋ? ಹಿತ, ಮಿತ, ಪ್ರಿಯ ಎಂಬ ಮೂರರಲ್ಲಿ ಆ ತಿದ್ದುಪಡಿ ಮಿತವಾಗಿತ್ತು, ಅಷ್ಟೇ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ವಿಚಾರಾರ್ಹ. ಕೋಣೆ ಹಂಚಿಕೊಳ್ಳಲು ಬರೆದ ಪತ್ರಗಳನ್ನು 83 ಮಂದಿಗೆ ಓದಿಸಿದರು. ಕೆಲವು ಪತ್ರಗಳಲ್ಲಿ ಬೇಕೆಂದೇ ತಪ್ಪುಗಳನ್ನು ಇರಿಸಿದ್ದರು. ವ್ಯಾಕರಣದ ತಪ್ಪುಗಳಿಗಾಗಿ ಬರೆದವರನ್ನು ಹೆಚ್ಚು ಕಟುವಾಗಿ ಅಳೆದವರು ಸ್ವಭಾವದಲ್ಲಿ ಸೌಮ್ಯತೆ ಕಡಿಮೆಯಿದ್ದವರು. ಒಂದು ಅಧ್ಯಯನದಿಂದ ಸಿದ್ಧಾಂತ ಕಟ್ಟಬಾರದು. ಆದರೂ ಉತ್ತಮ ಮಾರ್ದವವನ್ನು ವರ್ಷಕ್ಕೊಮ್ಮೆ ಪೂಜಿಸುವ ನಾವು ಅದನ್ನು ಓದಿ ಒಂದು ಕ್ಷಣ ನಿಲ್ಲಬಹುದು. ಸಮಯಸಾರದ ಆರಂಭದಲ್ಲಿ ಕುಂದಕುಂದಾಚಾರ್ಯರಂಥವರೇ, ತಾವು ಎಲ್ಲಿಯಾದರೂ ತಪ್ಪಿದರೆ ಅದನ್ನೇ ಛಲವಾಗಿ ಹಿಡಿಯಬೇಡಿರೆಂದು ಕೇಳುಗರನ್ನು ಕೇಳಿಕೊಂಡಿದ್ದಾರೆ. ಕಣ್ಣಿಗೆ ತನ್ನ ಕಾಡಿಗೆ ಕಾಣದಂತೆ ಬರೆದವನಿಗೆ ತನ್ನ ದೋಷ ಕಾಣದೆಂಬ ಕವಿರಾಜಮಾರ್ಗದ ಹೋಲಿಕೆಯೂ ಪ್ರಸಿದ್ಧವಾದುದು. ಕಾಡಿಗೆ ಕದಡಿದ್ದರೆ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾರೆ, ಮೈಕಿನಲ್ಲಿ ಕೂಗುವುದಿಲ್ಲ.

ಹಳೆಯ ಲಿಪಿಕಾರರಲ್ಲಿ ಹಂಸಪಾದವೆಂಬ ಚಿಹ್ನೆ ಇತ್ತು. ಬಿಟ್ಟುಹೋದ ಅಕ್ಷರವಿದ್ದಲ್ಲಿ ಸಾಲಿನ ನಡುವೆ ಪುಟ್ಟ ಗುರುತನ್ನಿಟ್ಟು, ಅಂಚಿನಲ್ಲಿ ಅಕ್ಷರವನ್ನು ಬರೆದು ಮುಂದೆ ಸಾಗುತ್ತಿದ್ದರು. ಹೆಸರೇ ಎಷ್ಟು ಮೃದುವಾಗಿದೆ! ಇಂದಿನ ಯುವಕರು ತಮ್ಮ ತಪ್ಪು ಕಂಡಾಗ ನಕ್ಷತ್ರಚಿಹ್ನೆಯೊಂದನ್ನು ಹಾಕಿ ಸರಿಯಾದ ಪದವನ್ನಷ್ಟೇ ಮತ್ತೆ ಕಳುಹಿಸುತ್ತಾರೆ. ಅದು ಹಂಸಪಾದದ ವಂಶದ್ದೇ ಎಂದು ನಾನು ಮೆಚ್ಚುತ್ತೇನೆ. 2023ರಿಂದ ವಾಟ್ಸಾಪ್‌ನಲ್ಲಿ ಕಳುಹಿಸಿದ ಸಂದೇಶವನ್ನು 15 ನಿಮಿಷಗಳೊಳಗೆ ತಿದ್ದುವ ಅನುಕೂಲವೂ ಬಂದಿದೆ. ಹಾಗಿರುವಾಗ ಇನ್ನೊಬ್ಬರ ತಪ್ಪು ಕಂಡರೆ ಅವರೊಬ್ಬರಿಗೇ ಬೇರೆಯಾಗಿ, 'ತಾವು ಒಮ್ಮೆ ನೋಡಿಕೊಳ್ಳಿ' ಎಂದು ಬರೆದರೆ ಸಾಕು. ಅದನ್ನು ಬಿಟ್ಟು ಖಾಸಗಿಯಾಗಿ ಬಂದ ಬರೆಹದ ಚಿತ್ರ ತೆಗೆದು ಹತ್ತು ಬಳಗಗಳಿಗೆ ಹಂಚುವವರಿದ್ದಾರೆ. ಏಕಾಂತದ ಮಾತನ್ನು ಬಯಲು ಮಾಡುವ ರಹೋಭ್ಯಾಖ್ಯಾನವನ್ನು ಉಮಾಸ್ವಾಮಿಗಳು ಕೂಟಲೇಖಕ್ರಿಯೆಯ ಸಾಲಿನಲ್ಲಿಯೇ ಇರಿಸಿದ್ದಾರೆಂಬುದು ಅವರಿಗೆ ತಿಳಿದಿರಲಿ.

ಸ್ವಂತ ಬರೆಹಕ್ಕಿಂತ ನಮ್ಮ ಬಳಗಗಳಲ್ಲಿ ಹೆಚ್ಚಾಗಿರುವುದು ಬಂದದ್ದನ್ನು ಹಾಗೆಯೇ ದಾಟಿಸುವ ಸಂದೇಶಗಳು. ಕೆಳಗೆ 'ಬಂದಂತೆ ಕಳುಹಿಸಿದ್ದೇನೆ' ಎಂಬ ಒಕ್ಕಣೆಯೂ ಇರುತ್ತದೆ. ಹಳೆಯ ಲಿಪಿಕಾರರೂ ಗ್ರಂಥಾಂತ್ಯದಲ್ಲಿ, ಪ್ರತಿಯಲ್ಲಿ ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷ ನನ್ನದಲ್ಲ ಎನ್ನುತ್ತಿದ್ದರು. ಆದರೆ ಬೆನ್ನು, ಸೊಂಟ, ಕತ್ತು ಮುರಿಯುವಂತೆ ಬಾಗಿ ತಿಂಗಳುಗಟ್ಟಲೆ ಬರೆದವನು ಆ ಮಾತನ್ನು ಹೇಳುವುದಕ್ಕೂ, ಹೆಬ್ಬೆರಳನ್ನು ಒಮ್ಮೆ ಒತ್ತಿದವನು ಹೇಳುವುದಕ್ಕೂ ಸಾಮ್ಯವಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಇಂದು ಸಾವಿರ ಪ್ರತಿ ಹಂಚಲು ಸಾವಿರ ಕ್ಷಣವೂ ಬೇಡ. ಆದುದರಿಂದಲೇ ಒಂದು ತಪ್ಪೂ ಸಾವಿರವಾಗುತ್ತದೆ. ಆಚಾರ್ಯರ ಹೆಸರಿನಲ್ಲಿ, ಅವರು ಎಂದೂ ಹೇಳದ ಮಾತುಗಳು ಅಲಂಕೃತ ಚೌಕಟ್ಟಿನಲ್ಲಿ ಬರುತ್ತಿರುವುದನ್ನು ಶಾಸ್ತ್ರದಾನವೆಂದು ಎಣಿಸಲಾಗದು.

ಪ್ರತಿಯೆತ್ತುವಾಗ ಒಂದು ಪದ ಬಿದ್ದುಹೋದರೆ ಏನಾಗುತ್ತದೆಂಬುದಕ್ಕೆ ಷಟ್ಖಂಡಾಗಮವೇ ಸಾಕ್ಷಿಯಾದದ್ದು ಒಂದು ವಿಚಿತ್ರ. ಮೂಡಬಿದಿರೆಯಲ್ಲಿದ್ದ ಹಳಗನ್ನಡ ಲಿಪಿಯ ತಾಳೆಯೋಲೆಗಳಿಂದ ಪ್ರತಿ, ಪ್ರತಿಯಿಂದ ಪ್ರತಿ ಎಂದು ಉತ್ತರಕ್ಕೆ ಹೋದ ಪಾಠವನ್ನು ಆಧರಿಸಿ ಡಾ. ಹೀರಾಲಾಲ್ ಜೈನರು ಧವಲಾಸಹಿತವಾಗಿ ಮೊದಲ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ಮನುಷ್ಯಿಣಿಯ ಗುಣಸ್ಥಾನಗಳನ್ನು ಕುರಿತ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿ ಹಾಕಿದರು, ಪಾಠದೊಳಗೆ ಸೇರಿಸಲಿಲ್ಲ. ಮುಂದೆ ಮೂಡಬಿದಿರೆಯ ಓಲೆಗಳೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿ ಇದ್ದುದು ಕಂಡುಬಂತು. ಆ ಒಂದು ಪದದ ಮೇಲೆ ಸ್ತ್ರೀಯರ ಮುಕ್ತಿಯ ಪ್ರಶ್ನೆಯೇ ನಿಂತಿದ್ದುದರಿಂದ ವಿದ್ವಾಂಸರಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ವಾದದ ತೀರ್ಮಾನ ಈ ಲೇಖನದ ವಿಷಯವಲ್ಲ. ಸಂಪಾದಕರು ನಡೆದುಕೊಂಡ ರೀತಿಯನ್ನು ಮಾತ್ರ ನೋಡಬೇಕು: ಅನುಮಾನವನ್ನು ಬಚ್ಚಿಡಲಿಲ್ಲ, ತಮ್ಮ ಊಹೆಯನ್ನು ಮೂಲದೊಳಗೆ ತುರುಕಲೂ ಇಲ್ಲ.

ಕೊನೆಯದಾಗಿ ಕ್ಷಮಾಪಣೆಯ ಸಂದೇಶಗಳ ಬಗ್ಗೆ ಒಂದು ಮಾತು. 'ಮಿಚ್ಛಾ ಮಿ ದುಕ್ಕಡಂ' ಎಂಬುದು ಮೂರು ಪದಗಳ ಪ್ರಾಕೃತ. 'ನನ್ನ ದುಷ್ಕೃತವು ಮಿಥ್ಯೆಯಾಗಲಿ' ಎಂದರ್ಥ. ಮೊದಲೆರಡು ಪದಗಳನ್ನು ಕೂಡಿಸಿ 'ಮಿಚ್ಚಾಮಿ' ಎಂದು ಬರೆಯುವುದರಿಂದ ಅದು 'ಗಚ್ಛಾಮಿ', 'ಇಚ್ಛಾಮಿ'ಗಳಂತೆ ಕ್ರಿಯಾಪದವೆಂಬ ಭ್ರಮೆ ಹುಟ್ಟಿದೆ. 'ನಾನು ಮಿಚ್ಚಾಮಿ ಮಾಡುತ್ತೇನೆ' ಎಂದು ಬರೆಯುವವರೂ ಇದ್ದಾರೆ. 'ದುಕ್ಕಡಂ' ಎಂಬುದನ್ನು 'ದುಃಖಡಂ' ಎಂದು ಸಂಸ್ಕರಿಸುವವರು ದುಷ್ಕೃತವನ್ನು ದುಃಖವಾಗಿಸಿ, ತಾನು ಮಾಡಿದ್ದರ ಬದಲಿಗೆ ತಾನು ಪಟ್ಟದ್ದನ್ನು ಹೇಳಿದಂತಾಗುತ್ತದೆ. ಕ್ಷಮೆ ಕೇಳುವವನ ಬಾಯಲ್ಲಿ ಇದು ಸಣ್ಣ ಪಲ್ಲಟವಲ್ಲ. ಆವಶ್ಯಕ ನಿರ್ಯುಕ್ತಿಯಲ್ಲಿ ಈ ಮಾತಿನ ಒಂದೊಂದು ಅಕ್ಷರಕ್ಕೂ ಅರ್ಥ ಹೇಳಿದೆ: 'ಮಿ' ಎಂದರೆ ಮೃದುತ್ವ, 'ಛಾ' ಎಂದರೆ ದೋಷವನ್ನು ತಡೆಯುವುದು, ಎರಡನೆಯ 'ಮಿ' ಮರ್ಯಾದೆಯಲ್ಲಿ ನಿಲ್ಲುವುದು, 'ದು' ತನ್ನ ಬಗ್ಗೆ ತಾನೇ ಹೇಸುವುದು, 'ಕ' ಪಾಪ ಮಾಡಿದೆನೆಂದು ಒಪ್ಪುವುದು, 'ಡ' ಅದನ್ನು ಉಪಶಮದಿಂದ ದಾಟುವುದು. 'ದುಃಖಡಂ' ಎಂದಾಗ ಒಪ್ಪಿಕೊಳ್ಳುವ ಅಕ್ಷರವೇ ಹೋಗುತ್ತದೆ.

ಕ್ಷಮಾವಣಿಯ ದಿನ ಇಂಥ ಸಂದೇಶ ಒಂದೇ ಬಾರಿಗೆ ಇನ್ನೂರು ಮುನ್ನೂರು ಜನರಿಗೆ ಹೋಗುತ್ತದೆ. ಅದರಲ್ಲಿ ನಾವು ನಿಜವಾಗಿ ನೋಯಿಸಿದವರು ಎಷ್ಟು ಮಂದಿಯೋ, ಅವರ ಹೆಸರು ಅದರಲ್ಲಿ ಇರುವುದಿಲ್ಲ. ಒಬ್ಬೊಬ್ಬರಿಗೂ ಹೆಸರು ಬರೆದು, ಆ ಹೆಸರಿನ ಕಾಗುಣಿತವನ್ನು ಸರಿಯಾಗಿ ಬರೆದು, ಮೂರು ಪದಗಳನ್ನೂ ಬಿಡಿಸಿ ಬರೆದು ಕಳುಹಿಸಲು ಎರಡು ಸಂಜೆ ಬೇಕಾದೀತು. ಅದಕ್ಕೆ ಮೊದಲು ಬರುವ ದಶಲಕ್ಷಣ ಪರ್ವದಲ್ಲಿ ಹತ್ತು ಸಂಜೆಗಳಿರುತ್ತವೆ.